ಮರೆವಿನ ಹಿರಿಯರಿಗೆ ಹಾಡಿನ ಪಟ್ಟಿ: ಐನೂರು ಬೇಡ, ಹನ್ನೆರಡು ಸಾಕು

ಮಗ ಬೆಂಗಳೂರಿನಿಂದ ದಾವಣಗೆರೆಗೆ ಬರುತ್ತಾನೆ, ಪೆನ್‌ಡ್ರೈವ್ ತುಂಬ ಐನೂರು ಹಳೇ ಹಾಡು. ಟಿವಿಗೆ ಸಿಕ್ಕಿಸಿ, ಸೌಂಡ್ ಏರಿಸಿ, ಅವ್ವನ ಎದುರಿಗೆ ಕೂತು ‘ಇದು ನೆನಪೈತೇನವ್ವ? ಯಾವ ಪಿಕ್ಚರ್ ಹೇಳು ನೋಡೋಣ’ ಅನ್ನುತ್ತಾನೆ. ಅವ್ವ ಮೊದಲ ಹಾಡಿಗೆ ಸುಮ್ಮನಿರುತ್ತಾಳೆ, ಎರಡನೆಯದಕ್ಕೆ ಸೆರಗು ತಿರುವುತ್ತಾಳೆ, ಮೂರನೆಯದಕ್ಕೆ ಎದ್ದು ಒಳಗೆ ಹೋಗುತ್ತಾಳೆ. ಸಂಜೆ ನನಗೆ ಫೋನು: ‘ಮರೆವಿನವರಿಗೆ ಹಳೇ ಹಾಡು ಕೇಳಿಸಿ ಅಂತ ನೀವು ಹೇಳಿದ್ದು ನಮ್ಮ ಮನೇಲಿ ನಡೀಲಿಲ್ರಿ.’

ಇದೇ ಫೋನು ಇದೇ ಮಾತಿನಲ್ಲಿ ಹತ್ತಾರು ಸಲ ಬಂದ ಮೇಲೆ ಇದನ್ನು ಬರೆಯುತ್ತಿದ್ದೇನೆ. ನಾನು ಡಾಕ್ಟರ್ ಅಲ್ಲ, ಸಂಗೀತದವನೂ ಅಲ್ಲ. ಮರೆವಿನ ಕಾಯಿಲೆಯ ಅವ್ವನನ್ನು ಆರು ವರ್ಷ ನೋಡಿಕೊಂಡವನು. ನಾನೂ ಮೊದಲು ಇದೇ ಐನೂರು ಹಾಡಿನ ತಪ್ಪು ಮಾಡಿದ್ದೆ.

ಸೋಲುವ ಮನೆಗಳಲ್ಲಿ ಕಾಣುವುದು ಹೆಚ್ಚೂಕಡಿಮೆ ಒಂದೇ ಕಥೆ. ಪಟ್ಟಿ ಮಾಡಿದವರು ಹಾಡು ಹುಡುಕಿರುತ್ತಾರೆ, ಮನುಷ್ಯನ ಬದುಕು ಹುಡುಕಿರುವುದಿಲ್ಲ. ಕೇಳಿಸುವಾಗ ಪರೀಕ್ಷೆಗೆ ಕೂರಿಸಿದ ಹಾಗೆ ಕೂರಿಸಿರುತ್ತಾರೆ. ಈ ಎರಡನ್ನು ಸರಿಪಡಿಸಿದರೆ ಬಹಳಷ್ಟು ಕೆಲಸ ಮುಗಿಯಿತು. ಆದರೆ ಸರಿಪಡಿಸಲು ಒಂದು ತಿಂಗಳಾದರೂ ಬೇಕು, ಒಂದು ಭಾನುವಾರ ಸಾಲದು.

## ಮೊದಲೇ ತಿಳಿದಿರಲಿ: ಏನು ಆದೀತು, ಏನು ಆಗದು

ಹಾಡಿನಿಂದ ಕಾಯಿಲೆ ವಾಸಿಯಾಗುವುದಿಲ್ಲ. ಮರೆತ ಮೊಮ್ಮಕ್ಕಳ ಹೆಸರು ವಾಪಸ್ ಬರುವುದಿಲ್ಲ. ಆಗಬಹುದಾದದ್ದು ಇಷ್ಟು: ಸಿಡುಕು ಇಳಿಯುತ್ತದೆ, ಸ್ನಾನಕ್ಕೆ ಏಳುತ್ತಾರೆ, ತುತ್ತು ಇಳಿಯುತ್ತದೆ, ಕೆಲವೊಮ್ಮೆ ಹತ್ತು ನಿಮಿಷ ಹಳೆಯ ಮನುಷ್ಯ ನಮ್ಮೆದುರು ಬಂದು ಕೂತು ಹೋಗುತ್ತಾರೆ.

ಅಲ್ಝೈಮರ್ ಕಾಯಿಲೆಯಲ್ಲಿ ಬೆಳಿಗ್ಗೆ ಏನು ತಿಂದೆ ಎಂಬಂಥ ಹೊಸ ನೆನಪು ಹಿಡಿದಿಡುವ ಮಿದುಳಿನ ಭಾಗಕ್ಕೆ ಏಟು ಮೊದಲು ಬೀಳುತ್ತದೆ. ಬಹುಕಾಲದಿಂದ ಪರಿಚಯವಿರುವ ರಾಗ, ತಾಳವನ್ನು ಹಿಡಿದಿರುವ ಕೆಲವು ಭಾಗಗಳು ತಡವಾಗಿ ಸವೆಯುತ್ತವೆ. ಅದಕ್ಕೇ ಮಗಳ ಹೆಸರು ತೋಚದವರು ಒಂದು ಪದದ ನಾಲ್ಕು ಚರಣ ತಪ್ಪಿಲ್ಲದೆ ಹೇಳಿಬಿಡುತ್ತಾರೆ. ಎಲ್ಲ ವಯಸ್ಸಿನ ಹಾಡಿಗೂ ಈ ಬಲ ಇಲ್ಲ. ಸುಮಾರು ಹತ್ತರಿಂದ ಇಪ್ಪತ್ತೈದು, ಹೆಚ್ಚೆಂದರೆ ಮೂವತ್ತರ ವಯಸ್ಸಿನೊಳಗೆ ಕಿವಿಗೆ ಬಿದ್ದದ್ದೇ ಆಳಕ್ಕೆ ಇಳಿದಿರುತ್ತದೆ.

## ಬೇಕಾಗುವ ಸಾಮಾನು

ಇನ್ನೂರು ಪುಟದ ಒಂದು ನೋಟ್‌ಬುಕ್, ಒಂದು ಪೆನ್ನು. ಒಂದು ಸಣ್ಣ ಬ್ಲೂಟೂತ್ ಸ್ಪೀಕರ್; ಫೋನಿನದೇ ಸ್ಪೀಕರ್ ಸಾಲದು, ಅದರಲ್ಲಿ ತಬಲ, ಡೊಳ್ಳಿನ ದಪ್ಪ ದನಿ ಬರುವುದೇ ಇಲ್ಲ, ಕೀರಲು ಮಾತ್ರ ಉಳಿಯುತ್ತದೆ. ಹಾಡು ಇಳಿಸಿಟ್ಟುಕೊಳ್ಳಲು ಮೂರು ಮೆಮೊರಿ ಕಾರ್ಡ್. ದನಿ ಮುದ್ರಿಸಲು ಫೋನು.

ಇವೆಲ್ಲಕ್ಕಿಂತ ಮೊದಲು ಕಿವಿ. ಒಂದು ಸಲ ಕಿವಿ ಡಾಕ್ಟರಿಗೆ ತೋರಿಸಿ. ಗುಗ್ಗೆ ಗಟ್ಟಿಯಾಗಿ ಕೂತಿದ್ದರೆ ನೀವು ಮುಂದೆ ಮಾಡುವುದೆಲ್ಲ ವ್ಯರ್ಥ. ಶ್ರವಣಸಾಧನ ಇದ್ದರೆ ಬ್ಯಾಟರಿ ನೋಡಿ. ಆ ಸಾಧನಗಳನ್ನು ಮಾತಿಗೆ ಹೊಂದಿಸಿರುತ್ತಾರೆ, ಹಾಡು ಒಡೆದಂತೆ ಕೇಳಿಸಬಹುದು. ಹಾಡಿಗೆ ಬೇರೆ ಸೆಟ್ಟಿಂಗ್ ಇದೆಯೇ ಎಂದು ಹಾಕಿಕೊಟ್ಟವರನ್ನೇ ಕೇಳಿ. ನಮ್ಮ ಬೀದಿಯ ಒಬ್ಬ ಅಜ್ಜನಿಗೆ ‘ಹಾಡು ಹಿಡಿಸಲ್ಲ’ ಎಂದು ಮನೆಯವರು ತೀರ್ಮಾನ ಮಾಡಿ ಎಂಟು ತಿಂಗಳಾಗಿತ್ತು. ಎಡಗಿವಿ ತೊಳೆಸಿದ ಮರುದಿನ ಅಜ್ಜ ತಾನಾಗಿ ರೇಡಿಯೊ ಕೇಳಿದ.

## ಹಂತ 1: ವರ್ಷದ ಲೆಕ್ಕ ಹಾಕಿ

ಹುಟ್ಟಿದ ವರ್ಷಕ್ಕೆ ಹತ್ತು ಕೂಡಿಸಿ, ಇಪ್ಪತ್ತೈದು ಕೂಡಿಸಿ. 1946ರಲ್ಲಿ ಹುಟ್ಟಿದವರಿಗೆ 1956ರಿಂದ 1971. ನಿಮ್ಮ ಹುಡುಕಾಟದ ಹೊಲದ ಬದು ಇದು.

ಆಧಾರ್ ಕಾರ್ಡಿನ ಜನ್ಮದಿನ ನಂಬಬೇಡಿ. ನಮ್ಮ ಕಡೆಯ ಹಿರಿಯರಲ್ಲಿ ಅರ್ಧ ಜನ ಜೂನ್ 1ಕ್ಕೆ ಹುಟ್ಟಿದವರು, ಅಂದರೆ ಮೇಷ್ಟ್ರು ಶಾಲೆಗೆ ಸೇರಿಸುವಾಗ ಬರೆದುಕೊಂಡದ್ದು. ದೊಡ್ಡ ಮಗ ಹುಟ್ಟಿದ ವರ್ಷ ಸಾಮಾನ್ಯವಾಗಿ ಗಟ್ಟಿಯಾಗಿ ಗೊತ್ತಿರುತ್ತದೆ, ಅಲ್ಲಿಂದ ಹಿಂದಕ್ಕೆ ಎಣಿಸಿ. 1964ರಲ್ಲಿ ನೆಹರೂ ಹೋದಾಗ ಮದುವೆ ಆಗಿತ್ತೇ, 1975ರ ತುರ್ತು ಪರಿಸ್ಥಿತಿ ಹೊತ್ತಿಗೆ ಎಷ್ಟು ಮಕ್ಕಳು ಎಂದು ಸಂಬಂಧಿಕರನ್ನು ಕೇಳಿ. ಹಿರಿಯೂರು ಕಡೆಯವರು ಮಾರಿಕಣಿವೆ ಅಣೆಕಟ್ಟು ಕೋಡಿ ಬಿದ್ದ ವರ್ಷದಿಂದ ಲೆಕ್ಕ ಹೇಳಲು ಬಂದರೆ ಕೈಮುಗಿಯಿರಿ: ಒಂದು ಕೋಡಿ 1933ರದು, ಅದರ ಮುಂದಿನದು 2022ರದು.

ಇಲ್ಲಿ ಆಗುವ ತಪ್ಪು: ಪಟ್ಟಿ ಮಾಡುವ ಮಕ್ಕಳು ತಮ್ಮ ಹರೆಯವನ್ನು ಅವ್ವನ ಪಟ್ಟಿಗೆ ತುಂಬುತ್ತಾರೆ. ರಾಜ್‌ಕುಮಾರ್ ತಮ್ಮ ಪಾತ್ರಗಳಿಗೆ ತಾವೇ ಹಾಡುವುದು ಖಾಯಂ ಆದದ್ದು 1974ರ ನಂತರ. ಅದಕ್ಕೂ ಮೊದಲು ತೆರೆಯ ಮೇಲೆ ಅವರ ಬಾಯಿಂದ ಬರುತ್ತಿದ್ದದ್ದು ಹೆಚ್ಚಾಗಿ ಪಿ.ಬಿ. ಶ್ರೀನಿವಾಸ್ ದನಿ. 1946ರಲ್ಲಿ ಹುಟ್ಟಿದ ಅವ್ವನ ಕಿವಿಯಲ್ಲಿ ಕೂತಿರುವುದು ಆ ದನಿ. ಮಗನ ಪಟ್ಟಿಯಲ್ಲಿ ನೋಡಿದರೆ ಬರೀ ಎಂಬತ್ತರ ದಶಕ. ಅದು ಮಗನಿಗೆ ಇಷ್ಟ, ಅವ್ವನಿಗೆ ಆಗ ಅಡುಗೆಮನೆಯಿಂದ ಹೊರಗೆ ಬರಲು ಪುರುಸೊತ್ತೇ ಇರಲಿಲ್ಲ.

ಇನ್ನೊಂದು ತಿದ್ದುಪಡಿ. ಊರು ಹಳ್ಳಿಯಾಗಿದ್ದರೆ ಸಿನಿಮಾ ಹಾಡಿಗೆ ಮೂರು ನಾಲ್ಕು ವರ್ಷ ಹಿಂದಕ್ಕೂ ಹೋಗಿ ನೋಡಿ. ದಾವಣಗೆರೆ ಟಾಕೀಸಿನಲ್ಲಿ ಓಡಿದ ಪಿಕ್ಚರು ಜಗಳೂರು, ಮೊಳಕಾಲ್ಮೂರು ಕಡೆಯ ಟೂರಿಂಗ್ ಟಾಕೀಸಿನ ಟೆಂಟಿಗೆ ಬರುವಷ್ಟರಲ್ಲಿ ಹಳೆಯದಾಗಿರುತ್ತಿತ್ತು.

## ಹಂತ 2: ಬದುಕಿನ ದಾರಿ ಬರೆಯಿರಿ

ಎಲ್ಲರೂ ಹಾರಿಸುವ ಹಂತ ಇದು. ಇಡೀ ಕೆಲಸ ನಿಂತಿರುವುದೂ ಇದರ ಮೇಲೆಯೇ. ಒಂದು ವಾರ ಇದಕ್ಕೇ ಇಡಿ.

ನೋಟ್‌ಬುಕ್ಕಿನಲ್ಲಿ ನಾಲ್ಕು ಪುಟ ಬಿಡಿ: ತವರುಮನೆ, ಶಾಲೆ, ಮದುವೆಯಾಗಿ ಬಂದ ಮನೆ, ದುಡಿದ ಜಾಗ. ಪ್ರತಿ ಪುಟಕ್ಕೂ ಒಬ್ಬ ಸಾಕ್ಷಿ ಬೇಕು. ತವರಿಗೆ ಚಿಕ್ಕವ್ವ ಅಥವಾ ಸೋದರಮಾವ, ಮದುವೆಯ ಮನೆಗೆ ಓರಗಿತ್ತಿ ಅಥವಾ ಪಕ್ಕದ ಮನೆಯವರು, ದುಡಿದ ಜಾಗಕ್ಕೆ ಜೊತೆಗಿದ್ದವರು. ಎಪ್ಪತ್ತು ದಾಟಿದವರನ್ನು ಮೊದಲು ಮಾತಾಡಿಸಿ.

‘ಅವ್ವನಿಗೆ ಯಾವ ಹಾಡು ಇಷ್ಟ?’ ಎಂದು ಮಾತ್ರ ಕೇಳಬೇಡಿ. ಎಲ್ಲರೂ ‘ಎಲ್ಲಾ ಹಳೇ ಹಾಡು ಇಷ್ಟ’ ಅಂದುಬಿಡುತ್ತಾರೆ. ಜಾಗ ಹಿಡಿದು ಕೇಳಿ:

ಬೆಳಗಿನ ಜಾವ ಮನೆಯಲ್ಲಿ ಮೊದಲು ಏಳುತ್ತಿದ್ದವರು ಯಾರು, ಎದ್ದ ಮೇಲೆ ಕೇಳುತ್ತಿದ್ದ ಸದ್ದು ಯಾವುದು? ಬೀಸುವಾಗ ಕುಟ್ಟುವಾಗ ಯಾರು ಹಾಡುತ್ತಿದ್ದರು? ಓಣಿಯಲ್ಲಿ ರೇಡಿಯೊ ಮೊದಲು ಯಾರ ಮನೆಗೆ ಬಂತು, ಅಲ್ಲಿ ಯಾವ ಸ್ಟೇಷನ್ ಹಾಕುತ್ತಿದ್ದರು? ಸೋಮವಾರದ ಭಜನೆ ಯಾವ ಗುಡಿಯಲ್ಲಿ? ಜಾತ್ರೆ ಯಾವುದು, ತೇರಿನ ಮುಂದೆ ಏನು ಬಾರಿಸುತ್ತಿದ್ದರು? ಮದುವೆಯಲ್ಲಿ ಸೋಬಾನೆ ಹೇಳಿದ ಹೆಂಗಸರು ಯಾರು? ಮಕ್ಕಳನ್ನು ಮಲಗಿಸುವಾಗ ಏನು ಹಾಡುತ್ತಿದ್ದಳು? ಕೊನೆಯ ಪ್ರಶ್ನೆಗೆ ಉತ್ತರ ನಿಮ್ಮ ಅಕ್ಕನ ಬಳಿಯೇ ಇರಬಹುದು.

ನಮ್ಮ ಭಾಗಕ್ಕೆ ಬೇಕಾಗುವ ಕೆಲವು ಸುಳಿವು ಹೇಳುತ್ತೇನೆ.

*ರೇಡಿಯೊ.* ಧಾರವಾಡ ಆಕಾಶವಾಣಿ ಶುರುವಾದದ್ದು 1950ರಲ್ಲಿ, ಭದ್ರಾವತಿಯದು 1965ರಲ್ಲಿ, ವಿವಿಧ ಭಾರತಿ 1957ರಲ್ಲಿ. ಮನೆಗೆ ರೇಡಿಯೊ ಬಂದ ವರ್ಷ ಗೊತ್ತಾದರೆ ಯಾವ ಸ್ಟೇಷನ್ ಎಂದು ಊಹಿಸಬಹುದು. ರೇಡಿಯೊ ಸಿಲೋನ್ ಹಿಡಿಯುತ್ತಿದ್ದ ಮನೆಯಾದರೆ ಪಟ್ಟಿಯಲ್ಲಿ ಹಿಂದಿ ಹಾಡೂ ಬೇಕು. ‘ನಮ್ಮವ್ವಂಗೆ ಹಿಂದಿ ಬರಲ್ಲ’ ಅನ್ನಬೇಡಿ, ಹಾಡಿಗೆ ಭಾಷೆ ಬರಬೇಕಾಗಿಲ್ಲ.

*ಮನೆಮಾತು.* ಚಳ್ಳಕೆರೆ, ಮೊಳಕಾಲ್ಮೂರು ತಾಲ್ಲೂಕಿನ ಎಷ್ಟೋ ಮನೆಗಳಲ್ಲಿ ಒಳಗಿನ ಮಾತು ತೆಲುಗು. ತಾಂಡಾದವರದು ಲಂಬಾಣಿ. ದಾವಣಗೆರೆ ಪೇಟೆಯಲ್ಲಿ ಉರ್ದು, ಮರಾಠಿ ಮನೆಗಳಿವೆ. ಐವತ್ತು ವರ್ಷ ಕನ್ನಡದಲ್ಲೇ ವ್ಯವಹಾರ ಮಾಡಿದವರೂ ಮರೆವು ಹೆಚ್ಚಾದಾಗ ತೊಟ್ಟಿಲ ಭಾಷೆಗೆ ಮರಳುವುದುಂಟು. ಕನ್ನಡ ಪಟ್ಟಿ ಸೋತರೆ ಮೊದಲು ನೋಡಬೇಕಾದದ್ದು ಇಲ್ಲಿ.

*ನಾಟಕ ಕಂಪನಿ.* ದಾವಣಗೆರೆ ಕಂಪನಿ ನಾಟಕದ ಊರು; ಚಿಂದೋಡಿ ಮನೆತನದ ಕೆ.ಬಿ.ಆರ್. ಡ್ರಾಮಾ ಕಂಪನಿ ಇಲ್ಲಿಯದೇ. ಎಷ್ಟೋ ಗಂಡಸರಿಗೆ ಸಿನಿಮಾ ಹಾಡಿಗಿಂತ ಕಾಲುಪೆಟ್ಟಿಗೆ ಹಾರ್ಮೋನಿಯಂ ಜೊತೆಗಿನ ರಂಗಗೀತೆ ಹತ್ತಿರ. ಊರಿನ ನಾಟಕದಲ್ಲಿ ಪಾತ್ರ ಮಾಡಿದ್ದರೇ ಎಂದು ತಪ್ಪದೆ ಕೇಳಿ. ಮಾಡಿದ್ದರೆ ಯಾವ ಪಾತ್ರ ಎಂದೂ ಕೇಳಿ, ದುರ್ಯೋಧನ ಮಾಡಿದವರಿಗೆ ಕೃಷ್ಣನ ಹಾಡು ಹಾಕಿದರೆ ಮುಖ ತಿರುವಿಯಾರು!

*ಹಬ್ಬ, ಜಾತ್ರೆ.* ಗೌರಿಹುಣ್ಣಿಮೆಗೆ ಸಕ್ಕರೆ ಆರತಿ ಹಿಡಿದು ಹೋದ ಹುಡುಗಿಯರ ಹಾಡು, ಕೋಲಾಟದ ಪದ, ಮೊಹರಂ ಪದ, ತರಳಬಾಳು ಹುಣ್ಣಿಮೆಯಲ್ಲಿ ಕೇಳಿದ ವಚನ, ನಾಯಕನಹಟ್ಟಿ ತೇರಿನ ಮುಂದಿನ ವಾದ್ಯ, ದುಗ್ಗಮ್ಮನ ಜಾತ್ರೆಯ ಡೊಳ್ಳು. ಇವು ಯಾವ ಆ್ಯಪಿನ ‘ಹಳೇ ಮಧುರ ಗೀತೆ’ ಪಟ್ಟಿಯಲ್ಲೂ ಇರುವುದಿಲ್ಲ. ಉರುಮೆ, ಸಮಾಳ, ಡೊಳ್ಳಿನ ಪೆಟ್ಟಿಗೆ ಮಾತು ನಿಂತವರ ಪಾದವೂ ಅಲುಗಿದ್ದನ್ನು ಕಂಡಿದ್ದೇನೆ.

ನಮ್ಮ ಅವ್ವನ ವಿಷಯದಲ್ಲಿ ನಾನು ಮೂರು ತಿಂಗಳು ಸಿನಿಮಾ ಹಾಡು ಹಾಕಿ ಸೋತೆ. ಅಪ್ಪ ಹತ್ತಿಗಿರಣಿಯಲ್ಲಿದ್ದರು, ಪಾಳಿ ಮುಗಿಸಿ ಬಂದು ರೇಡಿಯೊ ಹಾಕುತ್ತಿದ್ದರು. ಹಾಗಾಗಿ ಅವ್ವನಿಗೂ ರೇಡಿಯೊ ಎಂದು ಲೆಕ್ಕ ಹಾಕಿದ್ದೆ. ಕೊನೆಗೆ ಜಗಳೂರಿನ ಚಿಕ್ಕವ್ವ ಹೇಳಿದಳು: ‘ಅಕ್ಕ ರೇಡಿಯೊ ಎಲ್ಲಿ ಕೇಳ್ತಿದ್ಲು? ಆ ಹೊತ್ತಿಗೆ ರೊಟ್ಟಿ ಬಡೀತಿದ್ಲು. ಅಕ್ಕನ ಹಾಡು ಅಂದ್ರೆ ಬೀಸೋ ಪದನಪ್ಪ, ಅವ್ವನ ಜೊತೆ ಕೂತು ಕಲ್ಲಿನ ಗೂಟ ಹಿಡಿದು ಹೇಳ್ತಿದ್ದದ್ದು.’ ರೇಡಿಯೊ ಅಪ್ಪನದಾಗಿತ್ತು. ಅವ್ವನ ಪುಟದಲ್ಲಿ ನಾನು ಅಪ್ಪನ ಬದುಕು ಬರೆದಿದ್ದೆ.

ಇದೇ ಹಂತದಲ್ಲಿ ‘ಹಾಕಬಾರದು’ ಪಟ್ಟಿಯನ್ನೂ ಮಾಡಿ. ಲಿಂಗಾಯತರ ಮನೆಗಳಲ್ಲಿ ಸಾವಿನ ರಾತ್ರಿ ಭಜನೆ ಇರುತ್ತದೆ. ಗಂಡ ತೀರಿದ ರಾತ್ರಿ ಯಾವ ಭಜನೆ ನಡೆಯಿತೋ ಅದೇ ನಿಮ್ಮ ‘ಭಕ್ತಿಗೀತೆ’ ಪಟ್ಟಿಯ ಮೊದಲನೆಯದಾಗಿದ್ದರೆ ಅಂದು ಮನೆ ಮತ್ತೆ ಸೂತಕದ ಮನೆಯೇ. ಹೋದ ಮಗುವಿಗೆ ಹಾಡುತ್ತಿದ್ದ ಜೋಗುಳ, ಮುರಿದ ಮದುವೆಯ ವರ್ಷದ ಹಾಡು, ಇವುಗಳನ್ನು ಮನೆಯ ಹಿರಿಯ ಹೆಂಗಸರನ್ನು ಪಕ್ಕಕ್ಕೆ ಕರೆದು ಕೇಳಿ. ಎಲ್ಲರ ಎದುರು ಯಾರೂ ಹೇಳುವುದಿಲ್ಲ.

## ಹಂತ 3: ಹಾಡನ್ನು ಪತ್ತೆಹಚ್ಚಿ, ಸಿಗದಿದ್ದರೆ ಹಾಡಿಸಿ

ಪೂರ್ತಿ ಹಾಡು ಯಾರಿಗೂ ನೆನಪಿರುವುದಿಲ್ಲ, ಒಂದು ಸಾಲು ಇರುತ್ತದೆ. ಆ ಸಾಲನ್ನು ಗುನುಗಿಸಿ ಫೋನಿನಲ್ಲಿ ಮುದ್ರಿಸಿಕೊಳ್ಳಿ. ಕುಟುಂಬದ ವಾಟ್ಸಾಪ್ ಗುಂಪಿಗೆ ಹಾಕಿ; ಗುಡ್ ಮಾರ್ನಿಂಗ್ ಹೂವು ಕಳಿಸುವ ದೊಡ್ಡಪ್ಪನವರು ಇಂಥದ್ದಕ್ಕೆ ನಿಜಕ್ಕೂ ಉಪಯೋಗಕ್ಕೆ ಬರುತ್ತಾರೆ. ಸಿನಿಮಾ ಹಾಡಾದರೆ ಅಂದೇ ಗೊತ್ತಾಗುತ್ತದೆ.

ಬೀಸುವ ಪದ, ಸೋಬಾನೆ, ಜೋಗುಳ ಮಾತ್ರ ಊರಿಂದ ಊರಿಗೆ ಬೇರೆ. ಯೂಟ್ಯೂಬಿನಲ್ಲಿ ‘ಜನಪದ’ ಎಂದು ಸಿಗುವುದು ಹೆಚ್ಚಾಗಿ ಕೀಬೋರ್ಡ್, ಪ್ಯಾಡ್ ಸೇರಿಸಿ ವೇಗ ಏರಿಸಿದ್ದು. ಅದು ನಡೆಯುವುದಿಲ್ಲ. ಆ ಊರಿನ, ಆ ಮನೆಯ ಹೆಂಗಸರಿಂದಲೇ ಹಾಡಿಸಿ ಮುದ್ರಿಸಿಕೊಳ್ಳಬೇಕು.

ಮುದ್ರಿಸುವಾಗ: ಫ್ಯಾನ್ ಆಫ್ ಮಾಡಿ, ಕಿಟಕಿ ಮುಚ್ಚಿ. ಫೋನನ್ನು ಕೈಯಲ್ಲಿ ಹಿಡಿಯದೆ ಮಡಚಿದ ಟವೆಲ್ ಮೇಲೆ, ಬಾಯಿಗೆ ಒಂದು ಅಡಿ ದೂರದಲ್ಲಿಡಿ. ಏರೋಪ್ಲೇನ್ ಮೋಡ್ ಹಾಕಿ, ಇಲ್ಲವಾದರೆ ಮೂರನೇ ಚರಣಕ್ಕೆ ಲೋನ್ ಬೇಕಾ ಎಂದು ಕೇಳುವ ಫೋನು ಬಂದೇ ಬರುತ್ತದೆ. ‘ಹಾಡಿ’ ಎಂದರೆ ನಾಚಿಕೊಳ್ಳುತ್ತಾರೆ. ಕೈಗೆ ಕೆಲಸ ಕೊಡಿ, ಅವರೆಕಾಯಿ ಸುಲಿಯುತ್ತಲೋ ಮೊರದಲ್ಲಿ ಅಕ್ಕಿ ಆರಿಸುತ್ತಲೋ ಹಾಡಲಿ. ಇಬ್ಬರಿದ್ದರೆ ಇನ್ನೂ ಒಳ್ಳೆಯದು, ಒಬ್ಬರು ಎತ್ತಿಕೊಟ್ಟರೆ ಇನ್ನೊಬ್ಬರು ಹಿಡಿದುಕೊಳ್ಳುತ್ತಾರೆ. ಮೊರದ ಸದ್ದು ಸೇರಿದರೆ ಸೇರಲಿ.

ಚಿಕ್ಕವ್ವನ ದನಿ ಕಟ್ಟಿತ್ತು, ನಡುವೆ ಎರಡು ಸಲ ಕೆಮ್ಮಿದಳು. ಆ ಕೆಮ್ಮನ್ನು ನಾನು ತೆಗೆಯಲಿಲ್ಲ. ಅದನ್ನು ಹಾಕಿದ ದಿನ ಅವ್ವ ಕಣ್ಣು ಮುಚ್ಚಿಕೊಂಡೇ ಬಲಗೈಯನ್ನು ಸುತ್ತು ತಿರುಗಿಸತೊಡಗಿದಳು. ನನಗೆ ಅರ್ಥವಾಗಲು ಸ್ವಲ್ಪ ಹೊತ್ತು ಬೇಕಾಯಿತು. ಬೀಸುಕಲ್ಲಿನ ಗೂಟ ಹಿಡಿದ ಕೈ ಅದು.

## ಹಂತ 4: ಸರಿಯಾದ ಮುದ್ರಿಕೆ ಆರಿಸಿ

ಮೂಲ ಗಾಯಕರ ಮೂಲ ಮುದ್ರಿಕೆಯೇ ಬೇಕು. ರೀಮಿಕ್ಸ್ ಬೇಡ, ಟಿವಿ ಸ್ಪರ್ಧೆಯ ಹುಡುಗ ಎಷ್ಟೇ ಚೆನ್ನಾಗಿ ಹಾಡಿದ್ದರೂ ಬೇಡ. ಹಾಡು ಶುರುವಾಗುವ ಮುನ್ನ ಬರುವ ವಾದ್ಯದ ತುಣುಕನ್ನು ಕತ್ತರಿಸಬೇಡಿ. ಗುರುತು ಹತ್ತುವುದು ಬಹಳ ಸಲ ಅಲ್ಲೇ, ಪಲ್ಲವಿಗೆ ಬರುವ ಹೊತ್ತಿಗೆ ತುಟಿ ಸಿದ್ಧವಾಗಿರುತ್ತದೆ.

ನೆಟ್ಟಿಗೆ ಹಾಕಿದ ಕೆಲವು ಹಾಡುಗಳ ವೇಗ, ಶ್ರುತಿ ಕೊಂಚ ಬದಲಾಗಿರುತ್ತದೆ. ಎರಡು ಮೂರು ಕಡೆಯದನ್ನು ಕೇಳಿ ಹೋಲಿಸಿ.

ಯೂಟ್ಯೂಬಿನಿಂದ ನೇರವಾಗಿ ಕೇಳಿಸಬೇಡಿ. ಜೋಗುಳದ ನಡುವೆ ಜಾಹೀರಾತು ಕಿರುಚಿದರೆ ಹಿರಿಯರು ಬೆಚ್ಚಿಬೀಳುತ್ತಾರೆ, ಆಮೇಲೆ ಆ ಹಾಡು ಕೇಳಿದರೇ ಹೆದರುವುದುಂಟು. ಫೋನಿನಿಂದ ಕೇಳಿಸುವುದಾದರೆ ಜಾಹೀರಾತಿಲ್ಲದ ಆ್ಯಪಿನ ಚಂದಾ ತೆಗೆದುಕೊಂಡು ಇಳಿಸಿಟ್ಟುಕೊಳ್ಳಿ, ಹಾಡು ಮುಗಿದ ಮೇಲೆ ತಾನಾಗಿ ಮುಂದಿನದು ಶುರುವಾಗುವ ಸೌಲಭ್ಯ ಬಂದ್ ಮಾಡಿ. ಮೆಮೊರಿ ಕಾರ್ಡಿಗೆ ಮಾತ್ರ ಕೊಂಡ ಹಾಡಿನ ಫೈಲೇ ಬೇಕು, ಚಂದಾ ಆ್ಯಪಿನಲ್ಲಿ ಇಳಿಸಿದ್ದು ಆ ಆ್ಯಪಿನಲ್ಲೇ ಓಡುತ್ತದೆ.

## ಹಂತ 5: ದಿನಕ್ಕೊಂದೇ ಹಾಡು ಹಾಕಿ ನೋಡಿ

ಈಗ ನಿಮ್ಮ ಬಳಿ ಇಪ್ಪತ್ತರಷ್ಟು ಹಾಡು ಸೇರಿರುತ್ತವೆ. ಎಲ್ಲವನ್ನೂ ಒಂದೇ ದಿನ ಹಾಕುವ ಆಸೆಯಾಗುತ್ತದೆ. ಬೇಡ. ಯಾವುದರಿಂದ ಏನಾಯಿತು ಎಂದು ತಿಳಿಯುವುದೇ ಇಲ್ಲ.

ಹೊತ್ತು: ತಿಂಡಿ ತಿಂದು, ಶೌಚ ಮುಗಿಸಿ, ನಿದ್ದೆ ತೂಗದ ಹೊತ್ತು. ನಮ್ಮ ಮನೆಯಲ್ಲಿ ಹತ್ತೂವರೆ. ಟಿವಿ ಬಂದ್. ಮಿಕ್ಸಿ ಓಡಬಾರದು. ಸ್ಪೀಕರ್ ಅವರ ಒಳ್ಳೆಯ ಕಿವಿಯ ಕಡೆ, ಮೂರ್ನಾಲ್ಕು ಅಡಿ ದೂರ. ನೀವು ಎದುರಿಗೆ ಕೂರಬೇಡಿ, ಪಕ್ಕಕ್ಕೆ ಕೂರಿ. ಎದುರಿಗೆ ಕೂತು ಮುಖವನ್ನೇ ನೋಡುವವರನ್ನು ಕಂಡರೆ ಹೆಣ್ಣು ನೋಡಲು ಬಂದವರ ಮುಂದೆ ಕೂತಷ್ಟು ಮುಜುಗರ.

ದನಿ ಸಣ್ಣದಾಗಿ ಶುರುಮಾಡಿ, ಮೆಲ್ಲಗೆ ಏರಿಸಿ. ಹಾಡು ನಡೆಯುವಾಗ ಪಕ್ಕದವರೊಂದಿಗೆ ಮಾತಾಡಲು ದನಿ ಎತ್ತಬೇಕಾದರೆ ಅದು ಹೆಚ್ಚಾಯಿತು. ಕಿವಿ ಮಂದ ಎಂದು ಜೋರು ಮಾಡುವುದು ದೊಡ್ಡ ತಪ್ಪು. ಮುದಿ ಕಿವಿಗೆ ಸಣ್ಣ ಸದ್ದು ಕೇಳದಿದ್ದರೂ ದೊಡ್ಡ ಸದ್ದು ಚುಚ್ಚುತ್ತದೆ.

‘ಈಗ ಹಾಡು ಹಾಕ್ತೀನಿ ನೋಡು’ ಎಂದು ಸಾರಬೇಡಿ. ಹಾಕಿ, ನಿಮ್ಮ ಪಾಡಿಗೆ ಬಟ್ಟೆ ಮಡಚಿ. ಮುಗಿದ ಮೇಲೆ ಎರಡು ನಿಮಿಷ ಸುಮ್ಮನಿರಿ. ಮಾತು ಬರುವುದಿದ್ದರೆ ಈ ಎರಡು ನಿಮಿಷದಲ್ಲಿ ಬರುತ್ತದೆ, ಮುಂದಿನ ಹಾಡು ಅದನ್ನು ತಿಂದುಹಾಕುತ್ತದೆ.

ನೋಟ್‌ಬುಕ್ಕಿನಲ್ಲಿ ಐದು ಮನೆ ಗೆರೆ ಎಳೆಯಿರಿ: ತಾರೀಕು ಮತ್ತು ಹೊತ್ತು, ಹಾಡು, ಮುಂಚೆ ಹೇಗಿದ್ದರು, ಹಾಡಿನಲ್ಲಿ ಏನಾಯಿತು, ಅರ್ಧ ಗಂಟೆಯ ನಂತರ ಹೇಗಿದ್ದರು. ಕೊನೆಯ ಮನೆಯೇ ಮುಖ್ಯ. ಹಾಡುವಾಗ ನಕ್ಕು, ಆಮೇಲೆ ಮಧ್ಯಾಹ್ನವೆಲ್ಲ ‘ಊರಿಗೆ ಹೋಗ್ಬೇಕು, ಬಸ್ಸು ಹತ್ತಿಸು’ ಎಂದು ಬಾಗಿಲು ಬಡಿದರೆ ಆ ಹಾಡು ಪಟ್ಟಿಯಲ್ಲಿರಬಾರದು.

## ಹಂತ 6: ಲಕ್ಷಣ ಓದುವುದು

ಮುಖ ನೋಡಿ ತೀರ್ಮಾನಿಸಬೇಡಿ. ಈ ಕಾಯಿಲೆಯಲ್ಲಿ ಮುಖ ಕಲ್ಲಾಗಿರಬಹುದು. ಕಾಲ್ಬೆರಳು ನೋಡಿ, ಸೆರಗಿನ ಅಂಚಿನ ಮೇಲಿನ ಬೆರಳು ನೋಡಿ, ತುಟಿ, ಉಸಿರು ನೋಡಿ. ಹೆಬ್ಬೆರಳು ತಾಳ ಹಾಕಿದರೆ, ಉಸಿರು ನಿಧಾನವಾದರೆ, ಭುಜ ಇಳಿದರೆ, ಸಾಲಿನ ಕೊನೆಯ ಅಕ್ಷರಕ್ಕೆ ತುಟಿ ಕೂಡಿದರೆ ಆ ಹಾಡಿಗೆ ಒಂದು ಸೊನ್ನೆ ಸುತ್ತಿ ಇಟ್ಟುಕೊಳ್ಳಿ.

ನಿಲ್ಲಿಸಬೇಕಾದ ಲಕ್ಷಣ: ಸೆರಗನ್ನೋ ಗುಂಡಿಯನ್ನೋ ಎಳೆಯುವುದು, ಬಾಗಿಲ ಕಡೆ ಪದೇ ಪದೇ ನೋಡುವುದು, ಕೈ ಹಿಸುಕುವುದು, ಕಿವಿಗೆ ಕೈ ಒಯ್ಯುವುದು, ಉಸಿರು ಜೋರಾಗುವುದು. ಥಟ್ಟನೆ ಬಂದ್ ಮಾಡಬೇಡಿ, ದನಿ ಇಳಿಸುತ್ತಾ ಇಳಿಸುತ್ತಾ ನಿಲ್ಲಿಸಿ, ನೀರು ಕೊಡಿ, ಜಾಗ ಬದಲಿಸಿ.

ಅಳು ಬಂದರೆ ಹೆಚ್ಚಿನವರು ಗಾಬರಿಯಾಗಿ ಹಾಡು ನಿಲ್ಲಿಸಿ ‘ಯಾಕವ್ವ ಯಾಕೆ’ ಅನ್ನುತ್ತಾರೆ. ಅಳುವಿನಲ್ಲಿ ಎರಡು ಬಗೆ. ಕಣ್ಣೀರು ಇಳಿಯುತ್ತಿದ್ದರೂ ಮೈ ಸಡಿಲವಾಗಿದ್ದರೆ, ನಿಮ್ಮ ಕೈ ಹಿಡಿದುಕೊಂಡರೆ, ಅಳು ಹಾಡಿನ ಜೊತೆಗೇ ಮುಗಿದರೆ, ಅದು ಬರಲಿ. ಏನೂ ಹೇಳಬೇಡಿ, ಕೈ ಬಿಡಿಸಿಕೊಳ್ಳಬೇಡಿ. ಮೈ ಬಿಗಿದು, ಯಾರನ್ನೋ ಹುಡುಕುವಂತೆ ಕಣ್ಣು ಓಡಿ, ಹಾಡು ಮುಗಿದ ಮೇಲೂ ಅಳು ನಿಲ್ಲದಿದ್ದರೆ ಆ ಹಾಡನ್ನು ‘ಹಾಕಬಾರದು’ ಪುಟಕ್ಕೆ ಬರೆಯಿರಿ. ‘ನಿಮ್ಮಪ್ಪ ಎಲ್ಲಿ’ ಎಂದು ಕೇಳಿದರೆ ‘ಅಪ್ಪ ಸತ್ತು ಹತ್ತು ವರ್ಷ ಆಯ್ತಲ್ಲವ್ವ’ ಎಂದು ನೆನಪಿಸುವುದು ಸತ್ಯವೇ ಇರಬಹುದು, ಆದರೆ ಆಕೆಗೆ ಆ ಸುದ್ದಿ ಅಂದೇ ಮೊದಲು. ‘ಅಪ್ಪಂಗೆ ಈ ಹಾಡು ಭಾಳ ಸೇರ್ತಿತ್ತು ಅಲ್ವೇನವ್ವ’ ಎಂದರೆ ಸುಳ್ಳೂ ಆಗದು, ಏಟೂ ಬೀಳದು.

## ಹಂತ 7: ಹನ್ನೆರಡಕ್ಕೆ ಇಳಿಸಿ, ಮೂರು ಗುಂಪು ಮಾಡಿ

ಮೂರು ವಾರದ ನಂತರ ಸೊನ್ನೆ ಸುತ್ತಿದವು ಹತ್ತು ಹನ್ನೆರಡು ಉಳಿಯುತ್ತವೆ. ಅಷ್ಟು ಧಾರಾಳ. ಅವನ್ನು ಏಳಿಸುವ ಹಾಡು, ಕೂರಿಸುವ ಹಾಡು, ಮಲಗಿಸುವ ಹಾಡು ಎಂದು ವಿಂಗಡಿಸಿ.

ಏಳಿಸುವವು ಕೋಲಾಟ, ಡೊಳ್ಳು, ಚುರುಕು ತಾಳದ ಹಾಡು. ಸ್ನಾನಕ್ಕೆ ಹತ್ತು ನಿಮಿಷ ಮೊದಲು ಹಾಕಿ, ಬಚ್ಚಲಿನ ದಾರಿಯಲ್ಲೂ ನಡೆಯಲಿ. ಸ್ನಾನದ ಜಗಳ ನಮ್ಮ ಮನೆಯಲ್ಲಿ ಅರ್ಧಕ್ಕಿಳಿದದ್ದು ಹೀಗೆ.

ಕೂರಿಸುವವು ಇಳಿಹೊತ್ತಿಗೆ. ಸಂಜೆ ನಾಲ್ಕೂವರೆ, ಐದಕ್ಕೆ ಬೆಳಕು ಇಳಿಯುತ್ತಿದ್ದಂತೆ ಚಡಪಡಿಕೆ ಶುರುವಾಗುವುದು ಈ ಕಾಯಿಲೆಯಲ್ಲಿ ಸಾಮಾನ್ಯ. ಚಡಪಡಿಕೆ ಏರಿದ ಮೇಲೆ ಹಾಕಿದರೆ ಪ್ರಯೋಜನವಿಲ್ಲ, ಅರ್ಧ ಗಂಟೆ ಮುಂಚೆ ಹಾಕಿ. ಮನೆಯ ದೀಪವನ್ನೂ ಆಗಲೇ ಹಚ್ಚಿಬಿಡಿ.

ಮಲಗಿಸುವವು ಜೋಗುಳ, ನಿಧಾನದ ವಚನ, ತತ್ವಪದ. ಇಲ್ಲಿ ದನಿ ಇನ್ನೂ ಸಣ್ಣದು.

ಒಂದು ಸಲಕ್ಕೆ ಇಪ್ಪತ್ತರಿಂದ ಮೂವತ್ತು ನಿಮಿಷ, ದಿನಕ್ಕೆ ಎರಡು ಸಲ. ಬೆಳಗಿನಿಂದ ರಾತ್ರಿವರೆಗೆ ಹಾಡು ಬಿಟ್ಟಿರುವ ಮನೆಯಲ್ಲಿ ಹಾಡಿಗೂ ಫ್ಯಾನಿನ ಸದ್ದಿಗೂ ವ್ಯತ್ಯಾಸ ಉಳಿಯುವುದಿಲ್ಲ.

## ಹಂತ 8: ಜೊತೆಗೆ ಹಾಡುವುದು, ಪ್ರಶ್ನೆ ಕೇಳದೆ ಮಾತಾಡುವುದು

ಪರಿಚಿತ ಸಾಲನ್ನು ನೀವು ಎತ್ತಿಕೊಂಡು ಕೊನೆಯ ಪದದ ಮುಂದೆ ನಿಲ್ಲಿಸಿ. ಐದಾರು ಸೆಕೆಂಡು ಕಾಯಿರಿ. ಮರೆವಿನವರಿಗೆ ಉತ್ತರ ಬರಲು ನಮಗಿಂತ ಹೊತ್ತು ಬೇಕು, ನಾವು ಎರಡೇ ಸೆಕೆಂಡಿಗೆ ತಾಳ್ಮೆಗೆಟ್ಟು ನಾವೇ ಹೇಳಿಬಿಡುತ್ತೇವೆ. ತಪ್ಪು ಪದ ಹೇಳಿದರೂ ತಿದ್ದಬೇಡಿ, ಅವರ ತಪ್ಪಿನೊಂದಿಗೇ ನೀವೂ ಹಾಡಿ.

ಪ್ರಶ್ನೆ ಕೇಳುವ ಚಟ ಬಿಡಿ. ‘ನೆನಪೈತಾ?’, ‘ಇದು ಯಾರು ಹಾಡಿದ್ದು?’, ‘ಆಗ ನೀ ಎಲ್ಲಿದ್ದೆ?’ ಇವೆಲ್ಲ ಸೋಲುವ ಪ್ರಶ್ನೆಗಳು. ಬದಲಿಗೆ ನೀವೇ ಒಂದು ಮಾತು ಇಟ್ಟು ಸುಮ್ಮನಾಗಿ: ‘ಸಕ್ಕರೆ ಆರತಿ ಕರಗಿ ಕೈಯೆಲ್ಲ ಅಂಟಂಟು ಆಗ್ತಿತ್ತಂತೆ.’ ‘ಟಾಕೀಸಿಂದ ಬರ್ತಾ ಮಂಡಕ್ಕಿ ಮೆಣಸಿನಕಾಯಿ ತರ್ತಿದ್ರಂತೆ ಅಪ್ಪ.’ ಅವರಿಗೆ ಬೇಕಿದ್ದರೆ ಮುಂದುವರಿಸುತ್ತಾರೆ. ನೆನಪಿನ ಜೊತೆ ವಾಸನೆಯೂ ಸೇರಿದರೆ ಇನ್ನೂ ಹತ್ತಿರ. ಒಂದು ಹಿಡಿ ಮಂಡಕ್ಕಿ ಕೈಗೆ ಕೊಟ್ಟು ನೋಡಿ, ನುಂಗಲು ತೊಂದರೆ ಇಲ್ಲದಿದ್ದರೆ ಮಾತ್ರ.

ಹೇಳಿದ ಕಥೆಯಲ್ಲಿ ಇಸವಿ, ಹೆಸರು ಅದಲುಬದಲಾದರೆ ಆಗಲಿ. ನೀವು ಕೋರ್ಟಿನಲ್ಲಿ ಸಾಕ್ಷಿ ಬರೆಯಿಸಿಕೊಳ್ಳುತ್ತಿಲ್ಲ.

## ಹಂತ 9: ನೋಡಿಕೊಳ್ಳುವವರಿಗೆ ಒಪ್ಪಿಸುವುದು

ಹಗಲು ಮನೆಯಲ್ಲಿರುವವರು ಸೊಸೆಯೋ ಕೆಲಸಕ್ಕೆ ಬರುವ ಅಕ್ಕನೋ ಆಗಿದ್ದರೆ ಅವರಿಗೆ ಫೋನಿನ ಆ್ಯಪು, ಪಟ್ಟಿ ಎಂದು ತಲೆ ತಿನ್ನಬೇಡಿ. ಮೂರು ಮೆಮೊರಿ ಕಾರ್ಡಿಗೆ ಮೂರು ಗುಂಪು ಹಾಕಿ, ಬಣ್ಣದ ಟೇಪು ಅಂಟಿಸಿ: ಕೆಂಪು ಏಳಿಸಲು, ಹಸಿರು ಕೂರಿಸಲು, ನೀಲಿ ಮಲಗಿಸಲು. ಕಾರ್ಡ್ ಹಿಡಿಸುವ ಸ್ಪೀಕರ್ ಮೊದಲೇ ನೋಡಿ ಕೊಳ್ಳಿ. ದನಿಯ ಗುಂಡಿ ಎಲ್ಲಿಗೆ ನಿಲ್ಲಬೇಕೋ ಅಲ್ಲಿ ಉಗುರುಬಣ್ಣದ ಚುಕ್ಕೆ ಇಡಿ. ‘ಹಾಕಬಾರದು’ ಪುಟವನ್ನು ಅವರಿಗೆ ಓದಿ ಹೇಳಿ.

## ಏನೂ ಹಿಡಿಸದಿದ್ದರೆ

ಮೂರು ವಾರ ಸರಿಯಾಗಿ ಮಾಡಿಯೂ ಒಂದೂ ಸೊನ್ನೆ ಬೀಳದಿದ್ದರೆ ಕ್ರಮವಾಗಿ ನೋಡಿ: ಕಿವಿ, ಮನೆಮಾತು, ನೋವು. ಮಂಡಿ ನೋಯುವವರಿಗೆ, ಮಲಬದ್ಧತೆ ಇರುವವರಿಗೆ ಯಾವ ಹಾಡೂ ಹಿಡಿಸದು, ಹೇಳಲು ಬಾಯಿ ಇರುವುದಿಲ್ಲ ಅಷ್ಟೆ. ಮಂಕು ಹಿಡಿದಂತೆ ಊಟ, ನಿದ್ದೆ ಎರಡೂ ಬಿಟ್ಟಿದ್ದರೆ ಖಿನ್ನತೆಯೂ ಇರಬಹುದು, ಅದಕ್ಕೆ ಮದ್ದುಂಟು.

ಕೆಲವರು ಹಾಡಿನವರಲ್ಲ, ಸದ್ದಿನವರು. ಎತ್ತಿನ ಕೊರಳ ಗಂಟೆ, ಮಗ್ಗದ ಲಾಳಿ, ಗಿರಣಿಯ ಸೈರನ್, ಗುಡಿಯ ಜಾಗಟೆ. ಗಿರಣಿಯಲ್ಲಿ ಮೂವತ್ತು ವರ್ಷ ದುಡಿದವರಿಗೆ ಸೈರನ್ ಕೇಳಿಸುವ ಮೊದಲು ಯೋಚಿಸಿ. ಒಬ್ಬರು ಅದನ್ನು ಕೇಳಿ ಪಾಳಿಗೆ ಹೊತ್ತಾಯಿತೆಂದು ಚಪ್ಪಲಿ ಹುಡುಕಿದರು.

## ಹಾಡು ಬಿಟ್ಟು ಡಾಕ್ಟರ ಬಳಿ ಹೋಗಬೇಕಾದದ್ದು

ನಿನ್ನೆಯವರೆಗೆ ಒಂದು ರೀತಿ ಇದ್ದವರು ಒಂದೆರಡು ದಿನದಲ್ಲಿ ಪೂರ್ತಿ ಗಲಿಬಿಲಿಯಾದರೆ, ಇಲ್ಲದ ಜನ ಕಾಣಿಸುತ್ತಿದ್ದರೆ, ಹಗಲೆಲ್ಲ ತೂಕಡಿಸಿದರೆ ಅದು ಮರೆವು ಹೆಚ್ಚಾದದ್ದೆಂದು ಕೂರಬೇಡಿ. ಮೂತ್ರದ ಸೋಂಕು, ಶ್ವಾಸಕೋಶದ ಸೋಂಕು, ನೀರು ಕಡಿಮೆಯಾದದ್ದು, ಹೊಸ ಮಾತ್ರೆ, ಇವುಗಳಿಂದ ಹೀಗಾಗುತ್ತದೆ, ಅಂದೇ ತೋರಿಸಬೇಕು. ಬಾಯಿ ಸೊಟ್ಟಗಾದರೆ, ಒಂದು ಕೈ ಬಿದ್ದರೆ, ಮಾತು ತೊದಲಿದರೆ ಗಂಟೆ ಕಾಯದೆ 108ಕ್ಕೆ ಫೋನ್ ಮಾಡಿ. ಹಾಡು ಕೇಳುವಾಗ ಕಣ್ಣು ನೆಟ್ಟು, ಕರೆದರೂ ಓಗೊಡದೆ, ಬಾಯಿ ಚಪ್ಪರಿಸುತ್ತಾ ಒಂದೆರಡು ನಿಮಿಷ ಹಾಗೇ ಇದ್ದರೆ ಅದನ್ನು ತಲ್ಲೀನತೆ ಅಂದುಕೊಳ್ಳಬೇಡಿ, ಒಂದು ಬಗೆಯ ಮೂರ್ಛೆ ಆಗಿರಬಹುದು. ಅಪರೂಪಕ್ಕೆ ಸಂಗೀತವೇ ಅದನ್ನು ಎಬ್ಬಿಸುತ್ತದೆ. ವಿಡಿಯೊ ಮಾಡಿಕೊಂಡು ನರರೋಗದ ಡಾಕ್ಟರಿಗೆ ತೋರಿಸಿ. ಎಲ್ಲಿ ಕೇಳಬೇಕೆಂದೇ ತೋಚದಿದ್ದರೆ ಹಿರಿಯ ನಾಗರಿಕರ ಸಹಾಯವಾಣಿ 14567 ಇದೆ.

## ಪಟ್ಟಿ ಸವೆಯುತ್ತದೆ

ಆರು ತಿಂಗಳಿಗೊಮ್ಮೆ ಹಂತ 5ನ್ನು ಮತ್ತೆ ಮಾಡಿ. ಕಾಯಿಲೆ ಮುಂದುವರಿದಂತೆ ಹರೆಯದ ಹಾಡುಗಳೂ ಹಿಂದೆ ಸರಿದು ಬಾಲ್ಯದವು ಮುಂದೆ ಬರುವುದನ್ನು ನಾನು ಕಂಡೆ. ಅವ್ವನಿಗೆ ಐದನೇ ವರ್ಷ ಬೀಸುವ ಪದದ ಮಾತು ಬಿಟ್ಟುಹೋಯಿತು, ರಾಗ ಇತ್ತು. ಆರನೇ ವರ್ಷ ರಾಗವೂ ಹೋಗಿ ಕೈ ಮಾತ್ರ ತಿರುಗುತ್ತಿತ್ತು. ಆಗ ನಾನು ಹಾಡು ಬಂದ್ ಮಾಡಿ, ಅಟ್ಟದ ಮೇಲಿದ್ದ ಹಳೇ ಬೀಸುಕಲ್ಲನ್ನು ಇಳಿಸಿ, ನಾಲ್ಕು ಹಿಡಿ ಜೋಳ ಹಾಕಿ ನಾನೇ ಬೀಸಿದೆ. ಆ ಸದ್ದನ್ನೂ ಮುದ್ರಿಸಿಕೊಂಡು ನೀಲಿ ಕಾರ್ಡಿಗೆ ಸೇರಿಸಿದೆ, ಹನ್ನೊಂದು ನಿಮಿಷದ್ದು.